ವಾರದ ಕಂತು, ಮೂರು ವರ್ಷದ ಓದು

(ಮಂಡ್ಯದಲ್ಲಿ ಸ್ತ್ರೀಶಕ್ತಿ ಸಂಘದ ಸದಸ್ಯರ ಮುಂದೆ ಆಡಿದ ಮಾತು)

ಅಕ್ಕಂದಿರೇ, ತಂಗಿಯರೇ, ನಮಸ್ಕಾರ.

ಎರಡು ಮಕ್ಕಳಾದ ಮೇಲೆ ಮತ್ತೆ ಪುಸ್ತಕ ಹಿಡಿದವಳು ನಾನು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ, ಪಿಯುಸಿ ಕಟ್ಟಿ ಪಾಸಾದೆ. ಆಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಹೇಗೆ ಓದಿದೆ ಅಂತ ಇವತ್ತು ಹೇಳುವುದಿಲ್ಲ. ದುಡ್ಡು ಹೇಗೆ ಹೊಂದಿಸಿದೆ, ಅಷ್ಟೇ.

ಮೊದಲ ವರ್ಷವೇ ಎಡವಿದೆ. ಫೀಸಿಗೆ ಮೈಕ್ರೋ ಫೈನಾನ್ಸ್ ಸಾಲ ತೆಗೆದೆ. ದುಡ್ಡೇನೋ ಬೇಗ ಕೈಗೆ ಬಂತು. ಆದರೆ ಓದಿನ ಫಲ ಬರುವುದು ಮೂರು ವರ್ಷಕ್ಕೆ, ಕಂತು ಬರುವುದು ಮುಂದಿನ ಮಂಗಳವಾರಕ್ಕೆ. ಕಂತಿಗಾಗಿ ಗಾರ್ಮೆಂಟ್ಸಿನಲ್ಲಿ ಓಟಿ ಮಾಡಿದೆ. ಓಟಿ ಮಾಡಿ ಮನೆಗೆ ಬಂದರೆ ಪುಸ್ತಕದ ಮೇಲೇ ನಿದ್ದೆ. ಎರಡು ಪೇಪರ್ ಹೋಯಿತು, ಮತ್ತೆ ಪರೀಕ್ಷೆಗೆ ಮತ್ತೆ ಫೀಸು! ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಕಿರುಕುಳ ಇಲ್ಲದಿದ್ದರೂ ವಾರದ ಕಂತು ವಾರಕ್ಕೇ ಬರುತ್ತದೆ, ಅಲ್ವಾ?

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಫೀಸಿಗಿಂತ ಜಾಸ್ತಿ ಹೋಗಿದ್ದು ರಜೆ ಹಾಕಿದ ದಿನಗಳ ಸಂಬಳ. ಬಸ್ಸಿನ ಖರ್ಚು ಮಾತ್ರ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಿಂತಿತು. ಆಧಾರ್ ತೋರಿಸಿ ಕೆಂಪು ಬಸ್ಸು ಹತ್ತಿದರೆ ಮೈಸೂರು. ಓದಲು ಹೊರಟ ಅಪ್ಪಂದಿರಿಗೆ ಈ ಭಾಗ್ಯ ಇಲ್ಲ, ಪಾಪ.

ಗೃಹಲಕ್ಷ್ಮಿಯ 2,000 ರೂಪಾಯಿ ಇದೆಯಲ್ಲ ಅಂತೀರಿ. ಆ ಯೋಜನೆ ಶುರುವಾಗಿದ್ದೇ ಮೈಸೂರಿನಲ್ಲಿ, 2023ರ ಆಗಸ್ಟ್ 30ರಂದು. ಆದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು? ನಮ್ಮನೆಯಲ್ಲಿ ಅತ್ತೆ. ಅವರ ದುಡ್ಡನ್ನು ನನ್ನ ಓದಿಗೆ ಕೇಳಲು ಒಂದು ತಿಂಗಳು ಬಾಯೇ ಬರಲಿಲ್ಲ. ಕೊನೆಗೆ ಹೀಗೆ ಮಾತಾಯಿತು: ದುಡ್ಡು ಅವರದ್ದೇ, ಅವರ ಮಾತ್ರೆ, ಎಲೆ ಅಡಿಕೆಗೆ. ಪರೀಕ್ಷೆ ಇರುವ ತಿಂಗಳು ಮಾತ್ರ ಮನೆ ಸಾಮಾನು ಅವರ ಲೆಕ್ಕ. ಹೇಳಿಬಿಡುತ್ತೇನೆ, ಆ ದುಡ್ಡು ಕೆಲವು ಸಲ ತಡವಾಗುತ್ತದೆ. ಅದನ್ನೇ ನಂಬಿ ಫೀಸಿನ ಕೊನೇ ದಿನದವರೆಗೆ ಸುಮ್ನೆ ಕೂರಬೇಡಿ.

ನನ್ನ ಕೈ ಹಿಡಿದಿದ್ದು ಹಸು. ಡೈರಿಯ ಬಟವಾಡೆ ಮನೆ ಖರ್ಚಿಗೇ ಹೋಗುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಆದರೆ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಬೇರೆಯಾಗಿ, ತಡವಾಗಿ, ಒಟ್ಟಿಗೆ ಖಾತೆಗೆ ಬೀಳುತ್ತದೆ. ಎಲ್ಲರೂ ಬೈಯುವ ಆ ತಡವೇ ನನಗೆ ಉಳಿತಾಯ ಆಯಿತು. ದಿನಕ್ಕೆ 6 ಲೀಟರ್ ಅಂದರೆ 30 ರೂಪಾಯಿ. ಹಸು ಬತ್ತಿದ ದಿನ ಬಿಟ್ಟು 300 ದಿನಕ್ಕೆ 9,000. ಪುಸ್ತಕ, ಪರೀಕ್ಷೆ ಫೀಸು ಎಲ್ಲ ಅದರಲ್ಲೇ. ಹಸು ಇಲ್ಲದವರು ಚೀಟಿ ಹಾಕಿ. ಮುಕ್ತ ವಿಶ್ವವಿದ್ಯಾಲಯದ ಪ್ರವೇಶ ಜುಲೈ, ಜನವರಿ ಎರಡು ಸಲ ನಡೆಯುತ್ತದೆ. ಚೀಟಿ ಕೈಗೆ ಬರುವ ತಿಂಗಳು ನೋಡಿಕೊಂಡು ಸೇರಿ.

ಪರಿಶಿಷ್ಟ ಜಾತಿಯವರಾದರೆ, ಮನೆ ಆದಾಯ ವರ್ಷಕ್ಕೆ 2.5 ಲಕ್ಷದೊಳಗಿದ್ದರೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೇಳಿ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಬಿಪಿಎಲ್ ಕಾರ್ಡಿಗೆ ಫೀಸಿನಲ್ಲಿ ರಿಯಾಯಿತಿ ಉಂಟಾ ಅಂತ ಕೌಂಟರಿನಲ್ಲಿ ಕೇಳಲು ನಾಚಿಕೆ ಬೇಡ. ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತಲೂ ನೋಡಿ, ಆಮೇಲೆ ದುಡ್ಡು ಕಟ್ಟಿ.

ನರ್ಸಿಂಗ್, ಬಿ.ಎಡ್. ಅಂತ ಕಾಲೇಜಿಗೇ ಹೋಗುವವರು ಬ್ಯಾಂಕಿನ ಶಿಕ್ಷಣ ಸಾಲ ವಿಚಾರಿಸಿ. 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ. ಕಂತು ಶುರುವಾಗುವುದು ಕೋರ್ಸ್ ಮುಗಿದು ವರ್ಷವಾದ ಮೇಲೆ. ಬಡ್ಡಿ ಮಾತ್ರ ಅಷ್ಟರಲ್ಲೂ ಬೆಳೆಯುತ್ತಿರುತ್ತದೆ. ಆದರೂ ಮಂಗಳವಾರ ಬಾಗಿಲು ತಟ್ಟುವ ಸಾಲ ಅಲ್ಲ.

ಆ ನೋಟ್‌ಬುಕ್ ತಂದಿದ್ದೇನೆ. ಟೀ ಕುಡಿಯುತ್ತಾ ನೋಡಿ. ಮೂರನೇ ಪುಟದಲ್ಲಿ ಕಂತಿನ ಲೆಕ್ಕ ಇದೆ, ನಗಬೇಡಿ.