ಮೀನು ಹಾಯಾಗಿದೆ, ಆದರೆ ನೀರಿಗೆ ಕೈ ಹಾಕಬಹುದಾ?

ಫೋಟೋದಲ್ಲಿರುವ ಈ ವೋಲ್ಟ್ ಅಳೆಯುವ ಮೀಟರ್ ನೋಡಿ. ಅದರ ಒಂದು ಪ್ರೋಬ್ (ಮುಟ್ಟಿಸುವ ಕಡ್ಡಿ) ಅಕ್ವೇರಿಯಂ ಟ್ಯಾಂಕಿನ ನೀರಲ್ಲಿದೆ, ಇನ್ನೊಂದು ಸಾಕೆಟ್ಟಿನ ಅರ್ಥ್‌ಗೆ ತಾಗಿದೆ. ಹಿಡಿದಿರುವವರು ನಮ್ಮ ಏರಿಯಾದ ಎಲೆಕ್ಟ್ರಿಷಿಯನ್. ನೀವು ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. 30 ವೋಲ್ಟ್ ಹತ್ತಿರ ತೋರಿಸುತ್ತಿದೆ. ಏಂಜಲ್ ಮೀನುಗಳು ಮಾತ್ರ ಆರಾಮಾಗಿ ಓಡಾಡಿಕೊಂಡಿವೆ.

ಮೀನು ಚೆನ್ನಾಗಿದೆ ಅಂದಮೇಲೆ ನೀರಲ್ಲಿ ಕರೆಂಟ್ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ನನಗೆ ಭಯ ಇರುವುದೇ ಈ ನಂಬಿಕೆ ಬಗ್ಗೆ. ಕರೆಂಟ್ ತಂತಿ ಮೇಲೆ ಕಾಗೆ ಕೂತಿರುತ್ತದೆ, ಅಲ್ವಾ? ಅದಕ್ಕೆ ಶಾಕ್ ಹೊಡೆಯುವುದಿಲ್ಲ. ಅದರ ಮೈ ದಾಟಿ ನೆಲ ಸೇರುವ ದಾರಿ ಕರೆಂಟಿಗೆ ಇಲ್ಲ. ಗಾಜಿನ ಟ್ಯಾಂಕಿನೊಳಗಿನ ಮೀನೂ ಹಾಗೇ. ಇಡೀ ನೀರಿಗೆ 230 ವೋಲ್ಟ್ ಬಂದಿದ್ದರೂ ಅದು ಈಜುತ್ತಲೇ ಇರಬಹುದು. ನಾವು ಬರಿಗಾಲಲ್ಲಿ ನಿಂತು ಕೈ ಅದ್ದಿದಾಗ ದಾರಿ ಸಿಗುತ್ತದೆ. ಆ ದಾರಿ ನಮ್ಮ ಎದೆಯ ಮೂಲಕ.

ಹಾಗಂತ ಈ 30 ವೋಲ್ಟ್ ನೋಡಿ ಗಾಬರಿಯಾಗಬೇಕಿಲ್ಲ. ಫಿಲ್ಟರ್ ಮೋಟಾರು, ಹೀಟರ್ ಎಲ್ಲ ನೀರಿಗೆ ಅಂಟಿಕೊಂಡೇ ಇರುತ್ತವೆ. ನಡುವೆ ಪ್ಲಾಸ್ಟಿಕ್ಕು, ಗಾಜು ಸರಿಯಾಗಿದ್ದರೂ ಎಸಿ ಕರೆಂಟಿನ ಪ್ರಭಾವ ನೀರಿಗೆ ತಟ್ಟುತ್ತದೆ. ಡಿಜಿಟಲ್ ಮೀಟರ್ ತುಂಬಾ ಸೂಕ್ಷ್ಮ, ಅಷ್ಟನ್ನೇ ದೊಡ್ಡದಾಗಿ ತೋರಿಸುತ್ತದೆ. ಹರಿಯುವ ಕರೆಂಟ್ ಬಹಳ ಕಡಿಮೆ. ಟೆಸ್ಟರ್ ಬಲ್ಬು ಕೂಡ ಇಷ್ಟಕ್ಕೇ ಮಿಣಕ್ ಅನ್ನಬಹುದು. ಆದ್ದರಿಂದ ಬರೀ ವೋಲ್ಟ್ ನೋಡಿ ಕರೆಂಟ್ ಸೋರಿಕೆ ಇದೆ, ಇಲ್ಲ ಅಂತ ತೀರ್ಮಾನ ಮಾಡಬಾರದು.

ನಿಜವಾದ ಅಪಾಯ ಹೀಟರಿನದು. ಡಿಸೆಂಬರ್ ಚಳಿಗೆ ಬೆಂಗಳೂರಲ್ಲಿ ಎಷ್ಟೋ ಜನ ಹಾಕುತ್ತಾರೆ. ನೀರು ಬದಲಿಸುವಾಗ ಆಫ್ ಮಾಡದೆ ಬಿಟ್ಟರೆ ಗಾಜಿನ ಕೊಳವೆ ನೀರಿನಿಂದ ಮೇಲೆ ಬಂದು ಕಾಯುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಬಿರುಕು. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗಿನ ತಂತಿ ಮುಟ್ಟುತ್ತದೆ.

ಆಗ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ ಅಂತೀರಾ? ಬೀಳುವುದಿಲ್ಲ! 6 ಆಂಪಿಯರ್ ಎಂಸಿಬಿ ಇರುವುದು ವೈರ್ ಸುಡದಂತೆ ಕಾಯುವುದಕ್ಕೆ. ಮನುಷ್ಯನ ಜೀವಕ್ಕೆ ಅದರ ಸಣ್ಣ ಪಾಲೇ ಜಾಸ್ತಿ. ನಮಗೆ ಬೇಕಾದದ್ದು ಸೋರಿಕೆ ಹಿಡಿಯುವ ಸ್ವಿಚ್, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಅದು ಅಳೆಯುತ್ತಲೇ ಇರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಸೆಕೆಂಡಿನ ಒಂದು ಪಾಲಿನಲ್ಲಿ ಲೈನ್ ಕಟ್.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮಲ್ಲಿ ಸಿಗುವ ಎಷ್ಟೋ ಹೀಟರುಗಳಿಗೆ ಎರಡೇ ಪಿನ್, ಅರ್ಥ್ ಪಿನ್ ಇಲ್ಲ. ಬಿರುಕು ಬಿಟ್ಟರೂ ಕರೆಂಟ್ ಹೊರಗೆ ಹೋಗಲು ದಾರಿ ಇಲ್ಲ, ಆರ್‌ಸಿಸಿಬಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ನಾವು ಕೈ ಹಾಕಿದಾಗ. ಅಷ್ಟರಲ್ಲಿ ಶಾಕ್ ಹೊಡೆದಿರುತ್ತದೆ. ನೀರಿಗೆ ಟೈಟಾನಿಯಂ ಗ್ರೌಂಡಿಂಗ್ ಪ್ರೋಬ್ ಇಳಿಸಿ ಅರ್ಥ್‌ಗೆ ಸೇರಿಸಿದ್ದರೆ, ಸೋರಿಕೆ ಶುರುವಾದಾಗಲೇ ಲೈನ್ ಕಟ್ ಆಗುತ್ತದೆ, ಟ್ಯಾಂಕಿನ ಹತ್ತಿರ ಯಾರೂ ಇಲ್ಲದಿದ್ದರೂ.

ಪ್ರೋಬ್ ಬದಲು ತಾಮ್ರದ ತಂತಿ ಇಳಿಸಬೇಡಿ. ತಾಮ್ರ ಸೀಗಡಿಗೆ, ಬಸವನಹುಳುವಿಗೆ ವಿಷ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಪ್ರೋಬ್ ಹಾಕಲೇಬೇಡಿ. ಎಂಸಿಬಿ ಬೀಳದೆ, ಸೋರುವ ಕರೆಂಟ್ ನೀರಿನ ಮೂಲಕ ಹರಿಯುತ್ತಲೇ ಇರುತ್ತದೆ. ಕಾಗೆಯಂತಿದ್ದ ಮೀನುಗಳು ಆಗ ಆ ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ.

ಪ್ರೋಬ್ ಕೆಲಸ ಮಾಡುವುದು ಮನೆಯ ಅರ್ಥಿಂಗ್ ಸರಿಯಿದ್ದರೆ ಮಾತ್ರ. ಸಾಕೆಟ್ಟಿನಲ್ಲಿ ಮೂರನೇ ತೂತು ಇದ್ದರೆ ಸಾಲದು. ಹಳೇ ಮನೆಗಳಲ್ಲಿ ಅದರ ಹಿಂದೆ ವೈರೇ ಇರದಿರುವುದೂ ಉಂಟು. ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡಿಸಿ. ಇದ್ದಿಲು, ಉಪ್ಪು ಹಾಕಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಆರ್‌ಸಿಸಿಬಿ ಮೇಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅದನ್ನು ಬದಲಿಸಿ.

ಬಾಡಿಗೆ ಮನೆ, ಓನರ್ ಒಪ್ಪುತ್ತಿಲ್ಲ ಅನ್ನುವವರು ಕೈ ಹಾಕುವ ಮುಂಚೆ ಟ್ಯಾಂಕಿನ ಎಲ್ಲ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ವೈರಿಂಗ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದಾಗಲೂ ಫೇಸ್ ಉಳಿದಿರುತ್ತದೆ. ಹೀಟರ್ ಆರಲು ಕಾಲು ಗಂಟೆ ಬಿಡಿ. ಆಮೇಲೆ ನೀರು ತೆಗೆಯಿರಿ.