ತೋಟದ ಅಸಲು, ಮನೆಯ ಅಸಲು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರೇ ಇಲ್ಲಿ ಹೆಚ್ಚು ಸೇರಿದ್ದೀರಿ. ಹಾಗಾಗಿ ಅಡಿಕೆಯನ್ನೇ ಹಿಡಿದು ಮಾತಾಡುತ್ತೇನೆ.

ನಮ್ಮಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತೇ ‘ರಾಶಿ ಎಷ್ಟಾಯ್ತು ಮಾರಾಯ?’ ಎಂದು. ರಾಶಿ ಎಂದರೆ ಸುಲಿದು, ಬೇಯಿಸಿ, ಒಣಗಿಸಿದ ಕೆಂಪಡಿಕೆಯ ದರ್ಜೆ. ಶಿವಮೊಗ್ಗದ ಧಾರಣೆ, ಅಂದರೆ ಮಾರುಕಟ್ಟೆ ದರ, ಎಲ್ಲರ ನಾಲಿಗೆ ಮೇಲಿದೆ. ‘ನಿಮಗೆ ಕ್ವಿಂಟಾಲಿಗೆ ಅಸಲು ಎಷ್ಟು ಬೀಳುತ್ತೆ?’ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ. ಧಾರಣೆ ನಮ್ಮ ಕೈಯಲ್ಲಿಲ್ಲ, ಅಸಲು ಬಹುಪಾಲು ನಮ್ಮ ಕೈಯಲ್ಲಿದೆ. ಅಸಲಿನಲ್ಲೂ ಎರಡು ಬಗೆ. ಒಂದು ತೋಟದ ಅಸಲು, ಅಂದರೆ ಕ್ವಿಂಟಾಲ್ ಅಡಿಕೆ ಬೆಳೆಯಲು ಬೀಳುವ ಖರ್ಚು. ಇನ್ನೊಂದು ಮನೆಯ ಅಸಲು, ಅಂದರೆ ತೋಟ, ಮನೆ ಖರ್ಚು, ಸಾಲದ ಕಂತು ಎಲ್ಲ ಸಾಗಲು ಕ್ವಿಂಟಾಲಿಗೆ ಸಿಗಲೇಬೇಕಾದದ್ದು. ಇವೆರಡನ್ನೂ ಬೆರೆಸಿ ನೋಡುವುದರಿಂದಲೇ ಧಾರಣೆ ಚೆನ್ನಾಗಿದ್ದ ವರ್ಷವೂ ಸಹಕಾರ ಸಂಘದ ಸಾಲದ ಬಾಕಿ ಉಳಿಯುತ್ತದೆ.

ಮೊದಲು ತೋಟದ ಲೆಕ್ಕ. ನಾನು ಹೇಳುವ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಪುಸ್ತಕದ ಅಂಕಿಯನ್ನು ಅದೇ ಜಾಗಕ್ಕೆ ಹಾಕಿಕೊಳ್ಳಿ. ಒಂದು ಎಕರೆ, ಒಂಬತ್ತು ಅಡಿ ಅಂತರದಲ್ಲಿ ಸುಮಾರು 550 ಮರ, ಅದರಲ್ಲಿ ಫಸಲು ಕೊಡುವವು 450. ಒಣ ರಾಶಿ 6 ಕ್ವಿಂಟಾಲ್. ಗೊಬ್ಬರ, ಸೊಪ್ಪು, ಮಣ್ಣು ಸೇರಿ 35,000. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆ ರೋಗದ ಔಷಧಿ ಮೂರು ಸುತ್ತಿಗೆ 15,000. ಕಳೆ, ಬಸಿಗಾಲುವೆ, ನೀರು 20,000. ಕೊನೆ (ಅಡಿಕೆ ಗೊನೆ) ಕೊಯ್ಲು 12,000. ಸುಲಿದು, ಬೇಯಿಸಿ, ಒಣಗಿಸಲು ಕ್ವಿಂಟಾಲಿಗೆ 5,000ದಂತೆ 30,000. ಕೈಯಿಂದ ಹೋದ ನಗದು 1,12,000 ಆಯಿತು.

ಬಹಳ ಜನ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮನೆಯವರು ದುಡಿದ ಅರವತ್ತು ದಿನಕ್ಕೆ 600ರಂತೆ 36,000 ಹಾಕಬೇಕು. ಮನೆ ಹೆಂಗಸರು ಅಂಗಳದಲ್ಲಿ ಅಡಿಕೆ ಹರಡಿ, ಆರಿಸಿ, ಸಂಜೆ ಮೋಡ ಕವಿದಾಗ ಓಡಿ ಗುಡ್ಡೆ ಮಾಡಿ ಮುಚ್ಚುವ ಕೆಲಸವೂ ಅದರಲ್ಲಿ ಸೇರಬೇಕು. ಅದಕ್ಕೆ ಸೊನ್ನೆ ಬರೆದರೆ ಲೆಕ್ಕವೇ ಸುಳ್ಳು. ಪಂಪು, ಸುಲಿಯುವ ಯಂತ್ರ, ಹಂಡೆ, ಒಲೆ, ಶೆಡ್ಡು, ವಯಸ್ಸಾಗುತ್ತಿರುವ ಮರ, ಇವುಗಳ ಸವಕಳಿ 22,000. ಒಟ್ಟು 1,70,000. ಆರರಿಂದ ಭಾಗಿಸಿದರೆ ಕ್ವಿಂಟಾಲಿಗೆ 28,333. ಇದು ತೋಟದ ಅಸಲು.

ಈಗ ಇದೇ ತೋಟಕ್ಕೆ ಕೊಳೆ ಬಂದು ಇಳುವರಿ 4 ಕ್ವಿಂಟಾಲಿಗೆ ಇಳಿಯಿತು ಎನ್ನಿ. ಸುಲಿತ-ಬೇಯಿಸುವ ಖರ್ಚಿನಲ್ಲಿ 10,000 ಉಳಿಯಬಹುದು, ಅಷ್ಟೇ. ಗೊಬ್ಬರ ಹಾಕಿ ಆಗಿದೆ, ಕೊನೆಗಾರ ಅಷ್ಟೇ ಮರ ಹತ್ತಬೇಕು. 1,60,000ವನ್ನು ನಾಲ್ಕರಿಂದ ಭಾಗಿಸಿದರೆ ಅಸಲು 40,000. ಇಳುವರಿ 8 ಕ್ವಿಂಟಾಲಿಗೆ ಏರಿದರೆ 1,80,000ಕ್ಕೆ ಎಂಟು, ಅಂದರೆ 22,500. ಧಾರಣೆ 30,000ಕ್ಕೆ ಕುಸಿದರೆ 4 ಕ್ವಿಂಟಾಲಿನವರಿಗೆ ಎಕರೆಗೆ 40,000 ನಷ್ಟ, 8 ಕ್ವಿಂಟಾಲಿನವರಿಗೆ 60,000 ಲಾಭ. ಊರು ಒಂದೇ, ಮಳೆ ಒಂದೇ, ಮಂಡಿಯೂ ಒಂದೇ. ಸ್ಪರ್ಧಾತ್ಮಕತೆ ಎಂಬ ದೊಡ್ಡ ಮಾತಿಗೆ ನಮ್ಮ ಮಟ್ಟದಲ್ಲಿ ಇರುವ ಅರ್ಥ ಇದು. ಖರ್ಚು ಕಡಿಮೆ ಮಾಡುತ್ತೇನೆ ಎಂದು ಗೊಬ್ಬರ, ಔಷಧಿ ಬಿಟ್ಟವರ ಅಸಲು ಸಾಮಾನ್ಯವಾಗಿ ಏರುತ್ತದೆ, ಇಳಿಯುವುದಿಲ್ಲ.

ಕೊಳೆ ಔಷಧಿಯನ್ನೇ ನೋಡಿ. ಒಂದು ಸುತ್ತಿಗೆ 5,000 ಖರ್ಚು. ಧಾರಣೆ 50,000 ಇದ್ದರೆ ಅದು 10 ಕೆಜಿ ರಾಶಿಯ ಬೆಲೆ, ಅಂದರೆ ಸುಮಾರು 80 ಕೆಜಿ ಹಸಿ ಅಡಿಕೆ. 450 ಮರಕ್ಕೆ ಹಂಚಿದರೆ ಮರವೊಂದಕ್ಕೆ 180 ಗ್ರಾಂ, ಐದಾರು ಕಾಯಿ. ಮರಕ್ಕೆ ಅಷ್ಟು ಕಾಯಿ ಹೆಚ್ಚು ಉಳಿದರೆ ಸುತ್ತಿನ ಖರ್ಚು ಹುಟ್ಟಿತು. ‘ಈ ವರ್ಷ ಧಾರಣೆ ಇಲ್ಲ, ಒಂದು ಸುತ್ತು ಬಿಡೋಣ’ ಎನ್ನುವುದು ಲೆಕ್ಕಕ್ಕೆ ಕೂಡಿಬರದ ಮಾತು.

ಆದರೆ ದುಡ್ಡು ಖರ್ಚಾಗಿಯೂ ಕೊಳೆ ನಿಲ್ಲದಿರುವುದು ಉಂಟು. ಕಾರಣ ಬಹುತೇಕ ತಯಾರಿಯಲ್ಲೇ ಇರುತ್ತದೆ. ಕೊಳೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ ಬೇರೆ ಕರಗಿಸಿ, ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆ ಕಲಸಿ ಸೋಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಪ್ಲಾಸ್ಟಿಕ್ ಡ್ರಮ್ಮು ಸರಿ, ಕಬ್ಬಿಣದ್ದು ಬೇಡ. ತೊಳೆದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಕಳೆದ ವರ್ಷದ ಚೀಲದಲ್ಲಿ ಉಳಿದ, ಗಾಳಿಗೆ ಸತ್ತುಹೋದ ಸುಣ್ಣ ತೂಕಕ್ಕೆ ಸರಿ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಮೊದಲ ಸುತ್ತು ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಆಷಾಢದಲ್ಲಿ ಬಿಡುವು ಸಿಗಲಿಲ್ಲವೆಂದು ಅರವತ್ತು ದಿನಕ್ಕೆ ಹೋದರೆ ನಡುವಿನ ಎರಡು ವಾರದಲ್ಲಿ ಕೊಳೆ ತನ್ನ ಕೆಲಸ ಮುಗಿಸಿರುತ್ತದೆ.

ಗೊಬ್ಬರದಲ್ಲೂ ದುಡ್ಡು ಸೋರುವ ಜಾಗವಿದೆ. ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ, ಜತೆಗೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಎನ್ನುವುದು ಶಿಫಾರಸು. ಇಲ್ಲಿ ಹೆಚ್ಚು ಬೇಕಾದದ್ದು ಪೊಟ್ಯಾಷ್, ಕಡಿಮೆ ಬೇಕಾದದ್ದು ರಂಜಕ. ಈಗ 10:26:26, ಅಂದರೆ ಈ ಮೂರೂ ಅದೇ ಸಾಲಿನಲ್ಲಿ ಶೇಕಡಾ ಅಷ್ಟಷ್ಟು ಇರುವ ಮಿಶ್ರ ಗೊಬ್ಬರ, ಒಂದರಿಂದಲೇ ಪೊಟ್ಯಾಷ್ ಪೂರೈಸಲು ಹೊರಟರೆ ಮರಕ್ಕೆ 538 ಗ್ರಾಂ ಹಾಕಬೇಕು. ಆಗ ರಂಜಕವೂ 140 ಗ್ರಾಂ ಬೀಳುತ್ತದೆ, ಬೇಕಿದ್ದ 40ರ ಮೂರೂವರೆ ಪಟ್ಟು. ಸಾರಜನಕ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಬಿಡಿಬಿಡಿಯಾಗಿ ಯೂರಿಯಾ 217 ಗ್ರಾಂ, ಶಿಲಾರಂಜಕ 200 ಗ್ರಾಂ, ಮ್ಯುರೇಟ್ ಆಫ್ ಪೊಟ್ಯಾಷ್ 233 ಗ್ರಾಂ ತೂಗಿ ಎರಡು ಕಂತಿನಲ್ಲಿ ಹಾಕಿದರೆ ಲೆಕ್ಕ ಕೂಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಇದನ್ನೂ ತಿದ್ದಿಕೊಳ್ಳಬಹುದು. ಜೋರು ಮಳೆಯಲ್ಲಿ ಯೂರಿಯಾ ಎರಚಿದರೆ ಅದು ಬಸಿಗಾಲುವೆ ದಾಟಿ ತುಂಗೆಯನ್ನೋ ಶರಾವತಿಯನ್ನೋ ಸೇರುತ್ತದೆ.

ಇನ್ನು ಒಣ ತೂಕ. ಹಸಿ ಅಡಿಕೆ ಕ್ವಿಂಟಾಲಿಗೆ ರಾಶಿ 12 ಕೆಜಿ ಬರುತ್ತದೋ 13 ಬರುತ್ತದೋ ಎನ್ನುವುದು ಸಣ್ಣ ವ್ಯತ್ಯಾಸದ ಹಾಗೆ ಕಾಣುತ್ತದೆ. 48 ಕ್ವಿಂಟಾಲ್ ಹಸಿ ಕಾಯಿಗೆ ಅದು 48 ಕೆಜಿ, 50,000ದ ಧಾರಣೆಯಲ್ಲಿ 24,000 ರೂಪಾಯಿ. ಮೂರು ಸುತ್ತು ಔಷಧಿಯ ಖರ್ಚಿಗಿಂತ ಹೆಚ್ಚು. ಕಾಯಿ ತೀರ ಎಳತಾದರೆ ಒಣಗಿದಾಗ ಚಿರುಟುತ್ತದೆ, ಬಲಿತು ಹಣ್ಣಾದರೆ ರಾಶಿಗೆ ಹೋಗದೆ ಗೋಟು, ಗೊರಬಲು ಎಂಬ ಕಡಿಮೆ ಬೆಲೆಯ ದರ್ಜೆಗೆ ಬೀಳುತ್ತದೆ. ಒಂದೇ ಕೊಯ್ಲಿಗೆ ಮುಗಿಸಿಬಿಡುವ ಆತುರದಲ್ಲಿ ಎರಡೂ ನಷ್ಟ ಒಟ್ಟಿಗೆ ಆಗುತ್ತವೆ. ಕೊನೆಗಾರರು ಸಿಗುವುದಿಲ್ಲ ಎನ್ನುವ ಕಷ್ಟ ನಿಜ. ಆದರೆ ಇನ್ನೊಂದು ಸಲ ಕರೆಸುವ ಕೂಲಿಯನ್ನು ಈ 24,000ದ ಪಕ್ಕದಲ್ಲಿ ಇಟ್ಟು ನೋಡಿ.

ಫಸಲನ್ನು ಗುತ್ತಿಗೆಗೆ, ಅಂದರೆ ಚೇಣಿಗೆ, ಕೊಡುವವರೂ ಇದೇ ಅಂಕಿಯಿಂದ ಶುರುಮಾಡಬೇಕು. ಕ್ವಿಂಟಾಲಿಗೆ ಎಷ್ಟು ಕೆಜಿ ಒಣ ಅಡಿಕೆಯ ಲೆಕ್ಕ, ಕೊಯ್ಲು-ಸುಲಿತದ ಖರ್ಚು ಯಾರದು, ಯಾವ ದಿನದ ಧಾರಣೆ, ತೂಕ ಮಳೆಯಲ್ಲಿ ನೆಂದ ಕಾಯಿಯದೋ ನೀರು ಇಳಿದ ಮೇಲಿನದೋ, ಬಾಕಿ ಹಣ ಯಾವ ತಾರೀಖಿಗೆ ಎಂದು ಕಾಗದದ ಮೇಲೆ ಬರೆಯಿಸಿ. ಚೇಣಿ ತಪ್ಪಲ್ಲ, ಮನೆಯಲ್ಲಿ ಆಳಿಲ್ಲದವರಿಗೆ ಅದೇ ದಾರಿ. ಆದರೆ ಬೇಸಿಗೆಯಲ್ಲಿ ಮುಂಗಡ ತಗೊಂಡು ಕಾಯಿ ಕೊಡುವ ಚೇಣಿ ಒಂದು ಸಾಲವೂ ಹೌದು. ಅದರ ಬಡ್ಡಿ ಬೇರೆ ಸಾಲಿನಲ್ಲಿ ಕಾಣದೆ ಕೆಜಿ ಲೆಕ್ಕದೊಳಗೆ ಅಡಗಿರುತ್ತದೆ.

ಈಗ ಮನೆಯ ಅಸಲಿಗೆ ಬರೋಣ. ಈ ಉಪನ್ಯಾಸದಲ್ಲಿ ಒಂದೇ ವಿಷಯ ನೆನಪಿಡುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ. ಮೂರು ಎಕರೆ, 18 ಕ್ವಿಂಟಾಲ್, ಧಾರಣೆ 50,000. ಬಂದದ್ದು 9 ಲಕ್ಷ. ತೋಟದ ನಗದು ಖರ್ಚು 3,36,000. ಮನೆ ಖರ್ಚು, ಮಕ್ಕಳ ಓದು, ಆಸ್ಪತ್ರೆ, ನೆಂಟರಿಷ್ಟರ ಮದುವೆ-ಮುಂಜಿ ಸೇರಿ 3 ಲಕ್ಷ. ಉಳಿದದ್ದು 2,64,000. ವರ್ಷದ ಸಾಲದ ಕಂತು, ಬಡ್ಡಿ ಸೇರಿ 2 ಲಕ್ಷ. ಉಳಿಕೆಯನ್ನು ಕಂತಿನಿಂದ ಭಾಗಿಸಿದರೆ 1.32. ಇದು 1.25ರ ಮೇಲಿದ್ದರೆ ಮನೆ ಉಸಿರಾಡುತ್ತಿದೆ ಎನ್ನಬಹುದು. ಧಾರಣೆ 40,000 ಆಗಲಿ. ಬಂದದ್ದು 7,20,000, ಉಳಿದದ್ದು 84,000, ಭಾಗಲಬ್ಧ 0.42. ಧಾರಣೆ ಐದರಲ್ಲಿ ಒಂದು ಪಾಲು ಇಳಿದರೆ ಸಾಲ ತೀರಿಸುವ ಶಕ್ತಿ ಮೂರರಲ್ಲಿ ಎರಡು ಪಾಲು ಹೋಯಿತು.

ಕಂತು ಕಟ್ಟಲು ಈ ಮನೆಗೆ ಕನಿಷ್ಠ ಎಷ್ಟು ಧಾರಣೆ ಬೇಕು? ಮೂರೂ ಖರ್ಚು ಕೂಡಿದರೆ 8,36,000. ಹದಿನೆಂಟರಿಂದ ಭಾಗಿಸಿದರೆ ಸುಮಾರು 46,450. ತೋಟದ ಅಸಲು 28,333, ಮನೆಯ ಅಸಲು 46,450. ತೋಟ ಗಟ್ಟಿಯಾಗಿದೆ, ಮನೆ ಗಟ್ಟಿಯಾಗಿಲ್ಲ. ಇಂಥ ಮನೆಯ ಔಷಧಿ ತೋಟದಲ್ಲಿಲ್ಲ. ಕಾರಿನ ಸಾಲದಲ್ಲೋ ಮನೆ ಕಟ್ಟಿದ ಸಾಲದಲ್ಲೋ ಹುಡುಕಬೇಕು.

ಬ್ಯಾಂಕಿನವರು ಆಸ್ತಿಯ ಮುಂದೆ ಸಾಲ ಎಷ್ಟು ಎಂದು ನೋಡುತ್ತಾರೆ. ನಮ್ಮಲ್ಲಿ ಆ ಅಳತೆ ದಾರಿ ತಪ್ಪಿಸುತ್ತದೆ. ತೋಟದ ಬೆಲೆ ಕೋಟಿ ಎಂದು ಬರೆದರೆ ಹತ್ತು ಲಕ್ಷದ ಸಾಲ ಲೆಕ್ಕಕ್ಕೇ ಇಲ್ಲ. ಆದರೆ ಅಜ್ಜ ಮಾಡಿದ ತೋಟವನ್ನು ಕಂತಿಗಾಗಿ ಯಾರೂ ಮಾರುವುದಿಲ್ಲ. ಮಾರದ ಆಸ್ತಿಯನ್ನು ಈ ಲೆಕ್ಕದಿಂದ ಹೊರಗಿಡಿ. ಚೀಲದಲ್ಲಿರುವ ಅಡಿಕೆ, ಖಾತೆಯಲ್ಲಿರುವ ಹಣ ಒಂದು ಕಡೆ, ಹನ್ನೆರಡು ತಿಂಗಳೊಳಗೆ ಕಟ್ಟಬೇಕಾದದ್ದು ಇನ್ನೊಂದು ಕಡೆ. ಅಷ್ಟು ಸಾಕು.

‘ಸರ್ಕಾರ ಕನಿಷ್ಠ ಬೆಲೆ ಇಟ್ಟಿದೆಯಲ್ಲ’ ಎನ್ನುವವರಿದ್ದಾರೆ. 2023ರ ಫೆಬ್ರವರಿಯಲ್ಲಿ ಕೆಜಿಗೆ 251ರಿಂದ 351ಕ್ಕೆ ಏರಿದ್ದು ಕನಿಷ್ಠ ಆಮದು ಬೆಲೆ. ಅದು ಅದಕ್ಕಿಂತ ಅಗ್ಗಕ್ಕೆ ಹೊರದೇಶದ ಅಡಿಕೆ ತರಬಾರದೆಂಬ ಬೇಲಿ, ಬೆಂಬಲ ಬೆಲೆಯಲ್ಲ, ಆ ದರಕ್ಕೆ ನಿಮ್ಮ ಅಡಿಕೆ ಕೊಳ್ಳುತ್ತೇವೆಂದು ಯಾರೂ ಹೇಳಿಲ್ಲ. ಕಳ್ಳದಾರಿಯಲ್ಲಿ ಬರುವ ಅಡಿಕೆಗೆ ಆ ಬೇಲಿ ಅಡ್ಡವೂ ಆಗುವುದಿಲ್ಲ. ಬೇಲಿ ಗಟ್ಟಿಯಿದ್ದರೂ ಕ್ವಿಂಟಾಲಿಗೆ 35,100 ಅಷ್ಟೇ, ನಮ್ಮ ಉದಾಹರಣೆಯ ಮನೆಯ ಅಸಲಿಗಿಂತ 11,000 ಕೆಳಗೆ. 2014ರಲ್ಲಿ ರಾಶಿ ಗಗನಕ್ಕೇರಿ, ಆ ಧಾರಣೆ ನಂಬಿ ಸಾಲ ಮಾಡಿದವರು ಮುಂದಿನ ಕುಸಿತದಲ್ಲಿ ಏನು ಅನುಭವಿಸಿದರು ಎಂಬುದು ನಿಮಗೇ ಗೊತ್ತು. ಬಯಲುಸೀಮೆಯಲ್ಲಿ, ಚನ್ನಗಿರಿಯಿಂದ ಚಿತ್ರದುರ್ಗದವರೆಗೆ, ತೋಟ ಹಬ್ಬುತ್ತಲೇ ಇದೆ. ಅಲ್ಲಿ ನೆಲ ಸಮತಟ್ಟು, ಸಾಲಿನ ನಡುವೆ ಟ್ರ್ಯಾಕ್ಟರ್ ಓಡುತ್ತದೆ, ಕೊಳೆಯ ಕಾಟ ಕಡಿಮೆ. ಅವರಿಗೆ ಕೊಳವೆಬಾವಿ ಬತ್ತುವ ಭಯ, ನಮಗೆ ಎಲೆಚುಕ್ಕೆ ರೋಗದ ಭಯ. ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ. ನಮಗೆ ಇಷ್ಟವಿರಲಿ ಬಿಡಲಿ, ಬೇಡಿಕೆಯ ಮೇಲಿನ ಆ ತೂಗುಗತ್ತಿ ಹೋಗಿಲ್ಲ. ಮರದ ಮೇಲೆ ಕಾಳುಮೆಣಸು ಹಬ್ಬಿಸುವುದಕ್ಕೆ ಇದೇ ಸಾಕಷ್ಟು ಕಾರಣ. ಬಸಿಗಾಲುವೆ ಸರಿಯಿಲ್ಲದ ತೋಟದಲ್ಲಿ ಮಾತ್ರ ಸೊರಗು ರೋಗ ಬಳ್ಳಿಯನ್ನು ಉಳಿಸುವುದಿಲ್ಲ.

ಅಡಿಕೆ ಇಟ್ಟು ಕಾಯುವ ಲೆಕ್ಕ. ಮೂರು ಲಕ್ಷದ ಮಾಲನ್ನು ಆರು ತಿಂಗಳು ಇಟ್ಟರೆ, ಶೇ. 10ರ ಸಾಲ ತಲೆಮೇಲೆ ಇರುವವರಿಗೆ 15,000 ಬಡ್ಡಿ, ಆರು ಕ್ವಿಂಟಾಲಿಗೆ ಹಂಚಿದರೆ 2,500. ತೂಕ ಇಳಿತ ಶೇ. ಒಂದೂವರೆ ಹಿಡಿದರೆ ಇನ್ನು 750. ಧಾರಣೆ 3,250ಕ್ಕಿಂತ ಹೆಚ್ಚು ಏರಿದರಷ್ಟೇ ಕಾದದ್ದು ಲಾಭ. ಕೈಸಾಲ ಮೊದಲು ತೀರುವಷ್ಟು ಮಾರಿ, ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಬಿಡುವುದು ವಾಸಿ. ತುರ್ತಿದ್ದರೆ ಮಾರಾಟ ಸಂಘದಲ್ಲಿ ದಾಸ್ತಾನಿನ ಮೇಲೆ ಸಿಗುವ ಮುಂಗಡ ಸಾಲದ ಬಡ್ಡಿಯನ್ನು ಕೈಸಾಲದ ಬಡ್ಡಿಯ ಜತೆ ಹೋಲಿಸಿ.

ಬೆಳೆಸಾಲದ ವಿಷಯದಲ್ಲಿ ಎರಡೇ ಮಾತು. 2023–24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ, ಶೇ. 3ರ ಮಧ್ಯಮಾವಧಿ-ದೀರ್ಘಾವಧಿ ಸಾಲದ ಮಿತಿಯನ್ನು 10ರಿಂದ 15 ಲಕ್ಷಕ್ಕೆ ಏರಿಸಿತು. ಬಡ್ಡಿ ಇಲ್ಲದಿರುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ, ಆ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ. ಇನ್ನೊಂದು, ಗದ್ದೆ ತೆಗೆದು ತೋಟ ಮಾಡುವವರು ವರ್ಷದ ಬೆಳೆಸಾಲವನ್ನು ಅದಕ್ಕೆ ಸುರಿಯಬೇಡಿ. ಸಸಿ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು, ಸಾಲ ಹನ್ನೆರಡು ತಿಂಗಳಿಗೇ ಬಾಗಿಲಿಗೆ ಬರುತ್ತದೆ.

ಹವಾಮಾನ ಆಧಾರಿತ ವಿಮೆಯಲ್ಲಿ ಬೆಳೆಗಾರರ ಪಾಲು ವಿಮಾ ಮೊತ್ತದ ಶೇ. 5. ಪರಿಹಾರ ನಿಮ್ಮ ಕೊಳೆತ ಅಡಿಕೆ ನೋಡಿ ಬರುವುದಲ್ಲ, ಮಳೆಮಾಪನ ಕೇಂದ್ರದ ಅಂಕಿ ನೋಡಿ ಬರುತ್ತದೆ. ಹಾಗಾಗಿ ಕಂತು ಕಟ್ಟುವಾಗಲೇ ಅರ್ಜಿಯಲ್ಲಿ ಸರ್ವೆ ನಂಬರು, ಗ್ರಾಮ ಪಂಚಾಯಿತಿ, ಪಹಣಿಯಲ್ಲಿ ಅಡಿಕೆ ಎಂದೇ ನಮೂದಾಗಿದೆಯೇ ಎಂಬುದನ್ನು ಒಮ್ಮೆ ಓದಿ ನೋಡಿ. ಪಹಣಿಯಲ್ಲಿ ಇನ್ನೂ ಭತ್ತ ಎಂದೇ ಇರುವ ತೋಟಗಳು ಕಡಿಮೆಯಿಲ್ಲ.

ಲೆಕ್ಕದ ಹಾಳೆಯನ್ನು ಬಾಗಿಲ ಬಳಿ ಇಟ್ಟಿದ್ದೇವೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.