ಬಸ್ಸಾರಿನ ಮೇಲೆ ಯಾಕೆ ಅಪವಾದ?

ನಮಸ್ಕಾರ. ಹೃದಯದ ವಾಲ್ವ್ ಬದಲಾಯಿಸಿಕೊಂಡವರು ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುತ್ತಾರಲ್ಲ, ಅವರಿಗೆ ಊರೆಲ್ಲ ಕೊಡುವ ಉಪದೇಶ ಒಂದೇ: ಸೊಪ್ಪು ಮುಟ್ಟಬೇಡಿ. ಮುದ್ದೆ, ಬಸ್ಸಾರು ಉಂಡು ಬೆಳೆದ ಮಂಡ್ಯದವರಿಗೆ ಈ ಮಾತು!

ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ, ನಿಜ. ಆದರೆ ಪೂರ್ತಿ ಬಿಡಬೇಕಿಲ್ಲ. ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ, ಡೋಸನ್ನು ಡಾಕ್ಟರ್ ಅದಕ್ಕೆ ಹೊಂದಿಸುತ್ತಾರೆ. ಹೊಂದಿಸಲು ಐಎನ್‌ಆರ್ ಟೆಸ್ಟ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ರಕ್ತಪರೀಕ್ಷೆ, ಆಗಬೇಕು. ತೊಂದರೆ ಇರುವುದೇ ಅಲ್ಲಿ.

ಹೆಚ್ಚಿನವರಿಗೆ ಐಎನ್‌ಆರ್ 2ರಿಂದ 3ರೊಳಗೆ ಇರಬೇಕು. ಮೈಟ್ರಲ್ ಜಾಗದಲ್ಲಿ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವೆ) ಲೋಹದ ವಾಲ್ವ್ ಇದ್ದರೆ 2.5ರಿಂದ 3.5. ಇಳಿದರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು, ಏರಿದರೆ ಹೊಟ್ಟೆಯಲ್ಲೋ ಮಿದುಳಲ್ಲೋ ರಕ್ತಸ್ರಾವ. ಟೆಸ್ಟ್ ಬೇಡದ ಹೊಸ ಮಾತ್ರೆಗಳಿವೆಯಲ್ಲ ಅನ್ನಬಹುದು. ಲೋಹದ ವಾಲ್ವ್‌ಗೆ ಅವು ಆಗಿಬರುವುದಿಲ್ಲ. ಅವುಗಳಲ್ಲೊಂದಾದ ಡಬಿಗಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು 2012ರಲ್ಲಿ ಅರ್ಧಕ್ಕೇ ನಿಲ್ಲಿಸಿದರು.

ಈಗ ಮಳವಳ್ಳಿ ಕಡೆಯ ಹಳ್ಳಿಯಿಂದ ಮೈಸೂರಿಗೆ ಬರುವ ಕೂಲಿಯವರನ್ನು ನೋಡಿ. ಬಸ್ಸು, ರಕ್ತ ಕೊಡುವ ಸಾಲು, ರಿಪೋರ್ಟಿಗೆ ಕಾಯುವುದು, ಆಮೇಲೆ ಡಾಕ್ಟರ್ ಸಾಲು. ದಿನದ ಕೂಲಿ ಹೋಯ್ತು. ಮುಂದಿನ ಸಲ ಬರುತ್ತಾರಾ? ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರುತ್ತಾರೆ. ಅದರಲ್ಲೂ ‘ದಿನಾ ಅರ್ಧ’ ಅಂತ ಬರೆದಿದ್ದರೆ ಯಾವುದರ ಅರ್ಧ? ಅಸಿಟ್ರೋಮ್ 1 ಎಂಜಿಯಲ್ಲೂ ಇದೆ, 4 ಎಂಜಿಯಲ್ಲೂ ಇದೆ. ಎಂಜಿ ಬರೆಯದ ಚೀಟಿಗೆ ನನ್ನ ಕಡೆಯಿಂದ ಕ್ಷಮೆ ಇಲ್ಲ.

ಈ ನಡುವೆ ಮಂಡಿನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಭೇದಿಗೆ ಮೆಟ್ರೋನಿಡಜೋಲ್. ಎರಡೂ ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತವೆ. ಸುಮ್ನೆ ಸೊಪ್ಪನ್ನು ಬೈತೀವಿ, ಅಲ್ವಾ?

ಶುಗರ್ ನೋಡುವ ಹಾಗೆ ಬೆರಳು ಚುಚ್ಚಿ ನಿಮಿಷಗಳಲ್ಲಿ ಐಎನ್‌ಆರ್ ಹೇಳುವ ಮಷಿನ್ ಇದೆ. ಸ್ಟ್ರಿಪ್ ದುಬಾರಿ, ಹಾಗಾಗಿ ಮನೆಮನೆಗೆ ಅಂತ ಕೇಳುತ್ತಿಲ್ಲ. ತಾಲ್ಲೂಕು ಆಸ್ಪತ್ರೆಗೊಂದು ಇಡಲಿ. ನರ್ಸಮ್ಮ ಟೆಸ್ಟ್ ಮಾಡಲಿ, ಹೃದಯದ ಡಾಕ್ಟರ್ ಫೋನಲ್ಲೇ ಡೋಸ್ ಹೇಳಲಿ, ಅದು ಎಂಜಿ ಸಮೇತ ರೋಗಿಯ ಪುಸ್ತಕಕ್ಕೆ ಏರಲಿ. ಅಂಕಿ ತೀರಾ ಮೇಲಿದ್ದರೆ ಮಾತ್ರ ಲ್ಯಾಬಿಗೆ ಕಳಿಸಿ.

ಅಲ್ಲಿಯವರೆಗೆ, ಮಾತ್ರೆ ಅಂಗಡಿಯಲ್ಲಿ ಮೊದಲೇ ಹೇಳಿ: ‘ನಾನು ರಕ್ತ ತೆಳುವಿನ ಮಾತ್ರೆಯಲ್ಲಿದ್ದೀನಿ.’ ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಲ್ಲು ಕೀಳಿಸಬೇಕಾದರೂ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.